ಸಿಸ್ಟರ್ ಮನೆಯ ಮಂಚ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಬಾಗಿಲಿಗೆ ಕತ್ತಿಯ ಮೊದಲ ಏಟು ಬಿತ್ತು. ಸಮಯವನ್ನು ಇಷ್ಟು ಸರಿಯಾಗಿ ಹೇಳಲು ಕಾರಣ, ಅದೇ ಕ್ಷಣದಲ್ಲಿ ನಾನು ಮಂಚದ ಕೀಲಿನ ಫೋಟೊ ತೆಗೆದೆ. ಅದು ಈಗಲೂ ನನ್ನ ಫೋನಿನಲ್ಲಿದೆ. ಸದ್ದಿಗೆ ಕೈ ಅಲುಗಿ ಚಿತ್ರ ಪೂರ್ತಿ ಮಸುಕಾಗಿದೆ, ಒಂದು ಕಂದು ಗೆರೆ ಬಿಟ್ಟರೆ ಏನೂ ಕಾಣುವುದಿಲ್ಲ. ಅಳಿಸಬೇಕೆಂದು ಎಷ್ಟೋ ಸಲ ತೆರೆದು, ಅಳಿಸದೆ ಮುಚ್ಚಿದ್ದೇನೆ.

ಮಂಚದ ಕೆಳಗೆ ನಾನು ಅಂಗಾತ ಮಲಗಿದ್ದೆ. ತಿಗಣೆ ಹುಡುಕುವುದು ಹಾಗೆಯೇ. ಬ್ಯಾಟರಿ ಬೆಳಕನ್ನು ಓರೆಯಾಗಿ ಬಿಟ್ಟು, ಮರದ ಸಂದಿಯಲ್ಲಿ ತೆಳ್ಳಗಿನ ಪ್ಲಾಸ್ಟಿಕ್ ಕಾರ್ಡ್ ಎಳೆಯಬೇಕು. ಇದ್ದರೆ ಕಾರ್ಡಿನ ಅಂಚಿಗೆ ಬರುತ್ತವೆ. ಮಸಿ ಚುಕ್ಕಿಯಂಥ ಹಿಕ್ಕೆ, ಗಸಗಸೆಗಿಂತ ಸ್ವಲ್ಪ ಉದ್ದದ ಬಿಳಿ ಮೊಟ್ಟೆ, ಕಳಚಿಬಿದ್ದ ಪೊರೆ. ಹೆಚ್ಚಿದ್ದರೆ ಕೊತ್ತಂಬರಿ ಸೊಪ್ಪು ಹಿಸುಕಿದಂಥ ವಾಸನೆ. ಎರಡು ವಾರದ ಹಿಂದೆ ನಾನೇ ಮದ್ದು ಹೊಡೆದಿದ್ದ ಮಂಚ ಅದು. ಕಾರ್ಡಿಗೆ ಬಂದದ್ದು ಹೊಸ ಮರಿಗಳು. ಮದ್ದು ಮೊಟ್ಟೆಯನ್ನು ಮುಟ್ಟುವುದಿಲ್ಲ, ಆದ್ದರಿಂದ ಎರಡನೇ ಸಲ ಬರಲೇಬೇಕೆಂದು ಮೊದಲೇ ಹೇಳಿದ್ದೆ. ಆದರೆ ಮರಿಗಳ ಜೊತೆ ದೊಡ್ಡವೂ ಇದ್ದವು. ಅವು ಇಲ್ಲಿಯವಲ್ಲ, ಬೇರೆಲ್ಲಿಂದಲೋ ನಡೆದುಬಂದವು ಎಂದು ನನಗೆ ಅನ್ನಿಸುತ್ತಿತ್ತು.

ಗೋಣಿಕೊಪ್ಪಲಿನ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಮೂರು ಬಾಡಿಗೆ ಮನೆಗಳ ಕಟ್ಟಡ ಅದು. ಕೆಳಗೆ ಹಂದಿ ಮಾಂಸದ ಅಂಗಡಿ ನಡೆಸುವವರು, ಎಲ್ಲರ ಬಾಯಲ್ಲೂ ‘ಅಂಗಡಿಯಣ್ಣ’. ಮೇಲೆ ಎದುರುಬದುರಾಗಿ ಎರಡು ಬಾಗಿಲು. ಒಂದರಲ್ಲಿ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ನರ್ಸ್, ಒಬ್ಬರೇ ಇರುವವರು. ಅವರನ್ನು ಓನರ್ ಕೂಡ ‘ಸಿಸ್ಟರ್’ ಎಂದೇ ಕರೆಯುತ್ತಾರೆ. ಇನ್ನೊಂದರಲ್ಲಿ ಜೀಪ್ ಓಡಿಸುವವನು, ಅವನ ಹೆಂಡತಿ, ಆರು ತಿಂಗಳ ಮಗು. ಎಸ್ಟೇಟುಗಳಿಗೆ ಆಳುಗಳನ್ನು ಬಿಟ್ಟುಬರುವುದು ಅವನ ಕೆಲಸ.

ಪೊನ್ನಂಪೇಟೆಯಲ್ಲಿರುವ ಓನರ್ ನನ್ನನ್ನು ಕರೆಸಿದಾಗಲೇ ತೀರ್ಪು ಆಗಿಹೋಗಿತ್ತು. ಮುಚ್ಚಿಹೋದ ಹೋಂಸ್ಟೇ ಒಂದರಿಂದ ಸಿಸ್ಟರ್ ಹಳೇ ಮಂಚ ತಂದಿದ್ದರು, ತಿಗಣೆ ಅದರಲ್ಲೇ ಬಂತು ಎಂದು ಎಲ್ಲರೂ ನಿರ್ಧರಿಸಿದ್ದರು. ಎದುರು ಮನೆಯನ್ನೂ ನೋಡಬೇಕೆಂದು ನಾನು ಕೇಳಿದರೆ ಡ್ರೈವರ್ ಬಾಗಿಲಿಗೆ ಅಡ್ಡ ನಿಂತಿದ್ದ. ಮಗು ಇರುವ ಮನೆಗೆ ಮದ್ದು ಬೇಡ, ನಮ್ಮಲ್ಲಿ ತಿಗಣೆ ಇಲ್ಲ, ಇದ್ದರೂ ಅವು ಸಿಸ್ಟರ್ ಮನೆಯವು ಎಂದು. ತಿಗಣೆ ಇರುವ ಮನೆ ಎನ್ನಿಸಿಕೊಳ್ಳುವುದು ನಮ್ಮ ಕಡೆ ಸಣ್ಣ ಅವಮಾನವಲ್ಲ. ಹೇನಿಗಾದರೂ ಕ್ಷಮೆ ಇದೆ. ಯುಗಾದಿಯೊಳಗೆ ಸರಿಹೋಗದಿದ್ದರೆ ಸಿಸ್ಟರ್ ಮನೆ ಖಾಲಿ ಮಾಡಬೇಕು ಎಂದು ಓನರ್ ನನ್ನ ಎದುರೇ ಹೇಳಿದ್ದರು. ಮೆಟ್ಟಿಲಿಳಿಯುವಾಗ ಸಿಸ್ಟರ್ ನನ್ನ ಹಿಂದೆಯೇ ಬಂದು, ಗಂಡ ಎಲ್ಲಿ ಎಂದು ಕೇಳದೆ ಮನೆ ಕೊಟ್ಟ ಊರಿನ ಒಬ್ಬನೇ ಮನುಷ್ಯ ಈ ಓನರ್, ಇದು ಹೋದರೆ ಕುಶಾಲನಗರದ ಅಣ್ಣನ ಮನೆಯ ಮೂಲೆಗೆ ವಾಪಸು ಹೋಗಬೇಕು, ಏನಾದರೂ ಮಾಡಿ ಎಂದಿದ್ದರು.

ಆ ಮಂಗಳವಾರ ನಾನು ಬಂದದ್ದು ಎರಡನೇ ಸುತ್ತಿಗೆ. ಅಂದು ಬೆಳಗಿನ ಜಾವ ತಿಗಣೆ ಕಚ್ಚಿ ಮಗುವಿನ ರೆಪ್ಪೆ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತಂತೆ. ನನಗೆ ಅದು ಗೊತ್ತಿರಲಿಲ್ಲ, ಹೊರಗಿಂದ ಡ್ರೈವರನ ಕೂಗು ಕೇಳಿತಷ್ಟೆ.

“ಬಾಗಿಲು ತೆಗೀರಿ ಸಿಸ್ಟರ್. ಇಲ್ಲಾಂದ್ರೆ ನಾನೇ ತೆಗೀತೀನಿ.”

“ತೆಗೀತೀನಿ. ಕತ್ತಿ ಕೆಳಗಿಟ್ಟು ಬನ್ನಿ.”

“ಮೊದ್ಲು ಮಂಚ ಹೊರಗೆ ಹೋಗ್ಲಿ. ಕತ್ತಿ ವಿಷಯ ಆಮೇಲೆ.”

ಮಂಚದ ಕೆಳಗಿಂದ ನನಗೆ ಹೊರಬಾಗಿಲು ನೇರ ಕಾಣುತ್ತಿತ್ತು. ಮೂರನೇ ಏಟಿಗೆ ಕತ್ತಿಯ ತುದಿ ಪ್ಲೈವುಡ್ ಸೀಳಿ ಒಳಗೆ ಬಂತು, ಸಿಸ್ಟರ್ ಭುಜದ ಪಕ್ಕಕ್ಕೆ. ಅವರು ಅದನ್ನು ನೋಡಿ, ಕತ್ತಿ ಹೊರಗೆ ಹೋಗುವವರೆಗೆ ಕಾದು, ಚಿಲಕ ತೆಗೆದರು. ಹೇಗೂ ಬಾಗಿಲು ಉಳಿಯುವಂತಿರಲಿಲ್ಲ.

ರಸ್ತೆಗೆ ಬಿದ್ದ ಕೊಂಬೆ ಕಡಿಯಲು ಜೀಪಿನಲ್ಲಿಟ್ಟಿರುತ್ತಾರಲ್ಲ, ಅಂಥ ಬಾಗಿದ ಕತ್ತಿ. ಡ್ರೈವರ್ ಕೋಣೆಗೆ ನುಗ್ಗಿದಾಗ ನಾನಿನ್ನೂ ಮಂಚದ ಕೆಳಗಿಂದ ತೆವಳುತ್ತಿದ್ದೆ. “ಏನ್ ತಿಗಣೆ ಮೇಡಂ, ಇನ್ನೂ ಎಣಿಸ್ತಾ ಇದ್ದೀರಾ? ನನ್ನ ಮಗು ಮುಖ ನೋಡಿ ಬನ್ನಿ, ಅಲ್ಲಿ ಎಣಿಸ್ಲಿಕ್ಕೆ ಉಂಟು” ಎಂದ. ಕತ್ತಿ ಮಂಚದ ಕಾಲಿಗೆ ಬಿತ್ತು. ಮರದ ಚಕ್ಕೆಯೊಂದು ಹಾರಿ ನನ್ನ ಕೆನ್ನೆಗೆ ಹೊಡೆಯಿತು. ಇನ್ನೊಂದು ಏಟು ನೆಲಕ್ಕೇ ಬಿತ್ತು. ಅಲ್ಲಿ ಅರೆ ಕ್ಷಣದ ಹಿಂದೆ ನನ್ನ ಬೆರಳುಗಳಿದ್ದವು. ಟೈಲ್ಸ್ ಒಡೆದ ಗುರುತು ಈಗಲೂ ಇದೆ.

ಗಲಾಟೆ ಕೇಳಿ ಅಂಗಡಿಯಣ್ಣ ಮೇಲೆ ಬಂದರು. ಹಿಂದಿನಿಂದ ಡ್ರೈವರನ ಮಣಿಕಟ್ಟು ಹಿಡಿದರು. ದಿನವೂ ಹಂದಿ ಎತ್ತಿ ಮಲಗಿಸುವ ಕೈ. ಕತ್ತಿ ಹಾಗೇ ಮೇಲೆ ನಿಂತಿತು.

“ಮಂಚ ಎಂತ ಮಾಡ್ತು ಮಾರಾಯ? ಕಡಿದ್ರೆ ತಿಗಣೆ ಸಾಯ್ತದಾ? ಒಂದು ಇದ್ದದ್ದು ನಾಲ್ಕು ದಿಕ್ಕಿಗೆ ಹೋಗ್ತದೆ. ಸುಡ್ಬೇಕು. ನಾನು ಸುಟ್ಟುಕೊಡ್ತೇನೆ, ಬಿಡು.”

ಹಂದಿ ಕಡಿದ ಮೇಲೆ ರೋಮ ಸುಡುವುದು ಇಲ್ಲಿ ಎಲ್ಲರೂ ನೋಡಿರುವ ಕೆಲಸ. ಮೊದಲು ಹುಲ್ಲಿನ ಬೆಂಕಿ ಇತ್ತು, ಈಗ ಗ್ಯಾಸ್ ಸಿಲಿಂಡರಿಗೆ ಉದ್ದ ಪೈಪು ಹಾಕಿ ಬರ್ನರಿನಿಂದ ಸುಡುತ್ತಾರೆ. ಚರ್ಮ ಸೀಯದೆ ರೋಮ ಮಾತ್ರ ಹೋಗಬೇಕು, ಅದಕ್ಕೆ ಕೈ ಪಳಗಿರಬೇಕು. ಅಂಗಡಿಯಣ್ಣನಿಗೆ ಆ ಹೆಮ್ಮೆ ಇತ್ತು. “ಮರ ಕಪ್ಪಾಗಲ್ಲ ಸಿಸ್ಟರ್, ಮಂಚ ನಿಮಗೇ ಉಳೀತದೆ” ಎಂದರು. ಸಿಸ್ಟರ್ ಆ ಮಾತಿಗೇ ಒಪ್ಪಿದರೆಂದು ಕಾಣುತ್ತದೆ. ಮಂಚ ಉಳಿದರೆ, ಬಹುಶಃ ಮನೆಯೂ.

ನಾನು ಬೇಡ ಎಂದೆ. ಮಾಡುವುದಾದರೆ ಅಂಗಳದಲ್ಲಿ ಮಾಡಿ ಎಂದೆ. ಆದರೆ ಬೋಲ್ಟುಗಳು ತುಕ್ಕು ಹಿಡಿದಿದ್ದವು. ಬಿಚ್ಚದೆ ಮಂಚ ಬಾಗಿಲು ದಾಟುವಂತಿರಲಿಲ್ಲ. ಕೊನೆಗೆ ಹಾಸಿಗೆ, ಪರದೆ ಎಲ್ಲ ಹೊರಗೆ ಹಾಕಿ, ಪಕ್ಕದಲ್ಲಿ ಬಕೆಟ್ ನೀರಿಟ್ಟು, ಕೀಲುಗಳಿಗೆ ಮಾತ್ರ ಉರಿ ತೋರಿಸುವುದೆಂದಾಯಿತು. ಅಂಗಡಿಯಣ್ಣ ಸಿಲಿಂಡರ್ ತರಲು ಇಳಿದರು. ಡ್ರೈವರ್ ಕತ್ತಿ ಹಿಡಿದೇ ಅವರ ಹಿಂದೆ ಇಳಿದು, ಕತ್ತಿ ಇಟ್ಟು ವಾಪಸು ಬಂದ. ನಾನೂ ಸಿಸ್ಟರೂ ಆಗ ಹೊರಗಿನ ಕೋಣೆಯಲ್ಲಿ ಪರದೆ ಇಳಿಸುತ್ತಿದ್ದೆವು. ಮದ್ದು ಹೊಡೆಯಲೆಂದು ಮಲಗುವ ಕೋಣೆಯ ಕಿಟಕಿಗಳನ್ನು ಬೆಳಿಗ್ಗೆಯೇ ಮುಚ್ಚಿದ್ದೆ. ಹೊಗೆ ಹೋಗಲಿ ಎಂದು ತೆರೆಯಲು ಹೊರಟವಳನ್ನು ಡ್ರೈವರ್ ಕರೆದ, “ಮೊದ್ಲು ಹಾಸಿಗೆ ಹಿಡೀರಿ, ಬಾಲ್ಕನಿಗೆ ಹಾಕುವ.” ಸಿಸ್ಟರ್ ನೀರು ತುಂಬಲು ಅಡುಗೆಮನೆಗೆ ಹೋದರು. ಬರ್ನರ್ ಹಿಡಿದ ಅಂಗಡಿಯಣ್ಣ ಕೋಣೆಯ ಬಾಗಿಲಲ್ಲಿ ನಮಗೆ ದಾರಿ ಬಿಟ್ಟು ನಿಂತರು. ನಾವು ಹಾಸಿಗೆ ಹೊತ್ತು ದಾಟಿದೆವು, ಅವರು ಒಳಗೆ ಹೋದರು.

ಕೋಣೆಯೊಳಗೆ ನಾನು ಕಲಸಿಟ್ಟ ಮದ್ದಿನ ಘಾಟಿನಲ್ಲಿ ಗೊತ್ತಾಗಿರಲಿಲ್ಲ, ಬಾಲ್ಕನಿಯಲ್ಲಿ ಹಾಸಿಗೆ ಇಳಿಸುವಾಗ ಡ್ರೈವರನ ಕೈಯ ವಾಸನೆ ನನ್ನ ಮೂಗಿಗೆ ಬಡಿಯಿತು.

“ಇದು ಪೆಟ್ರೋಲ್ ಅಲ್ವಾ?”

“ಕಳೆ ಕತ್ತರಿಸೋ ಮಷಿನ್ನಿಗೆ ಜೀಪಲ್ಲಿ ಇಟ್ಟದ್ದು. ಸಂದಿಗೆಲ್ಲ ಬಿಟ್ಟಿದ್ದೀನಿ, ಒಂದೂ ಉಳಿಬಾರ್ದು.”

ಅಷ್ಟು ಹೇಳಿ ಮುಗಿಸುವ ಹೊತ್ತಿಗೆ ಲೈಟರಿನ ‘ಟಿಕ್’ ಕೇಳಿತು. ಅವನ ಮುಖ ಬದಲಾಗುವುದನ್ನು ನಾನು ನೋಡಿದೆ. ಅವನಿಗೂ ಆಗಲೇ ಹೊಳೆದದ್ದು. ಮಾತಿಗೂ ಆ ಟಿಕ್ಕಿಗೂ ನಡುವೆ ಒಂದು ಹೆಸರು ಕೂಗುವಷ್ಟು ಸಮಯವಿತ್ತೋ ಏನೋ. ಈಗಲೂ ಸ್ಕೂಟರ್ ಓಡಿಸುವಾಗ, ಅಕ್ಕಿ ತೊಳೆಯುವಾಗ, ಆ ಜಾಗದಲ್ಲಿ ಒಂದು ಕೂಗು ಹಾಕಿ ನೋಡುತ್ತೇನೆ. ಪ್ರತಿ ಸಲವೂ ಟಿಕ್ಕೇ ಮೊದಲು.

ಸಿನಿಮಾದಲ್ಲಿ ಕೇಳುವಂಥ ಸದ್ದಲ್ಲ ಅದು. ಭುಕ್ ಎಂದು, ದೊಡ್ಡದೊಂದು ಬಾಯಿ ಗಾಳಿ ಎಳೆದುಕೊಂಡಂತೆ. ಕಿಟಕಿಯ ಗಾಜು ರಸ್ತೆಗೆ ಹೋಗಿ ಬಿತ್ತು. ಕೋಣೆಯ ಬಾಗಿಲಿನಿಂದ ಅಂಗಡಿಯಣ್ಣ ನಡೆದುಕೊಂಡೇ ಬಂದರು, ಎರಡು ಕೈಗಳನ್ನೂ ಮುಂದೆ ಚಾಚಿಕೊಂಡು. ಕೈಗಳು ಉರಿಯುತ್ತಿದ್ದವು. ಅವರು ಕೂಗಲಿಲ್ಲ. ಏನನ್ನೋ ಯಾರಿಗೋ ಕೊಡಲು ಬಂದವರ ಹಾಗೆ ನಮ್ಮ ಕಡೆ ಬಂದರು.

ಡ್ರೈವರ್ ಬರಿಗೈಯಲ್ಲಿ ಅವರ ತೋಳು ತಬ್ಬಿ ಹಿಡಿದ. ನಾನು ಹಾಸಿಗೆ ಎಳೆದು ಇಬ್ಬರ ಮೇಲೂ ಕವುಚಿ ಬಿದ್ದೆ. ತಿಗಣೆ ತುಂಬಿದ ಹತ್ತಿ ಹಾಸಿಗೆ. ಅದರಡಿಯಲ್ಲಿ ಸುಟ್ಟ ರೋಮದ ವಾಸನೆ, ಭಾನುವಾರ ಬೆಳಿಗ್ಗೆ ಅವರ ಅಂಗಡಿಯ ಹಿಂದೆ ಬರುವಂಥದ್ದೇ. ಸಿಸ್ಟರ್ ಬಕೆಟ್ ನೀರನ್ನು ನಮ್ಮ ಮೇಲೆ ಸುರಿದು, ಒಳಗೆ ಹಾರಿ ಸಿಲಿಂಡರಿನ ನಾಬ್ ತಿರುಗಿಸಿ ಗ್ಯಾಸ್ ನಿಲ್ಲಿಸಿದರು. ಅವರು ಅದನ್ನು ಮಾಡದೇ ಇದ್ದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಮಂಚದ ಉರಿಯನ್ನು ಅಕ್ಕಪಕ್ಕದವರು ಆಮೇಲೆ ಆರಿಸಿದರು.

ಕೆಳಗಿನ ನಲ್ಲಿಯ ಹತ್ತಿರ ಅಂಗಡಿಯಣ್ಣನನ್ನು ಕೂರಿಸಿ ಸಿಸ್ಟರ್ ಅವರ ಕೈಗಳನ್ನು ಹರಿಯುವ ನೀರಿಗೆ ಹಿಡಿದರು. ಯಾರೋ ಟೂತ್‌ಪೇಸ್ಟ್ ತಂದರು. ಸಿಸ್ಟರ್ ಅದನ್ನು ಕೈಯಿಂದ ತಳ್ಳಿ ಚರಂಡಿಗೆ ಹಾಕಿದರು. ಚರ್ಮ ಕೈಗವಸಿನಂತೆ ಸಡಿಲವಾಗಿತ್ತು. ಹುಬ್ಬು ಇರಲಿಲ್ಲ. ಇಪ್ಪತ್ತು ನಿಮಿಷ ನೀರು ನಿಲ್ಲಿಸಬಾರದು ಎಂದು ಸಿಸ್ಟರ್ ಗಡಿಯಾರ ನೋಡುತ್ತ ನಿಂತರು. ಅಷ್ಟೂ ಹೊತ್ತು ಅಂಗಡಿಯಣ್ಣ ಅಂಗಡಿಯ ಫ್ರಿಜ್ಜಿಗೆ ಬೀಗ ಹಾಕಿದ್ದೇನೋ ಇಲ್ಲವೋ ಎಂದೇ ಕೇಳುತ್ತಿದ್ದರು.

ಡ್ರೈವರನ ಅಂಗೈಗಳೂ ಬೆಂದಿದ್ದವು, ಸ್ಟೇರಿಂಗ್ ಹಿಡಿಯುವಂತಿರಲಿಲ್ಲ. ಜೀಪನ್ನು ನಾನೇ ಓಡಿಸಿದೆ. ವಿರಾಜಪೇಟೆ ಆಸ್ಪತ್ರೆ ಮುಟ್ಟುವವರೆಗೆ ಹಿಂದಿನ ಸೀಟಿನಲ್ಲಿ ಸಿಸ್ಟರ್ ಇಬ್ಬರನ್ನೂ ಮಾತಾಡಿಸುತ್ತಲೇ ಇದ್ದರು, ಬಾಗಿಲು ಕಡಿದವನನ್ನೂ ಸೇರಿಸಿ.

ಅಂಗಡಿಯಣ್ಣನನ್ನು ಮೈಸೂರಿಗೆ ಕಳಿಸಬೇಕೆಂದು ಡಾಕ್ಟರು ಹೇಳಿದರು. ಆಂಬ್ಯುಲೆನ್ಸ್ ಬರುವವರೆಗೆ, ಡ್ರೈವರನ ಕೈಗೆ ಪಟ್ಟಿ ಕಟ್ಟುವವರೆಗೆ, ನಾನು ಆಸ್ಪತ್ರೆಯ ಅಂಗಳದಲ್ಲಿ ಜೀಪಿನೊಳಗೇ ಕುಳಿತಿದ್ದೆ. ಎಷ್ಟೋ ಹೊತ್ತಿನ ಮೇಲೆ ತೊಡೆಯ ಹಿಂಭಾಗ ತುರಿಸುವುದು ಗೊತ್ತಾಯಿತು. ಕೈಯಾಡಿಸಿದರೆ ಸಾಲಾಗಿ ದದ್ದುಗಳು, ಹೊಲಿಗೆ ಹಾಕಿದ ಹಾಗೆ.

ಸೊಳ್ಳೆ ಹಾಗೆ ಸಾಲಾಗಿ ಕಚ್ಚುವುದಿಲ್ಲ.

ಜೇಬಿನಲ್ಲಿ ಕಾರ್ಡ್ ಇತ್ತು. ಸೀಟಿನ ರೆಕ್ಸಿನ್ ಅಂಚಿನ ಹೊಲಿಗೆಗುಂಟ ಎಳೆದೆ. ಮಸಿ ಚುಕ್ಕಿ, ಪೊರೆ, ಮೊಟ್ಟೆ, ದಪ್ಪ ದೊಡ್ಡ ತಿಗಣೆಗಳು. ಹಿಂದಿನ ಸೀಟಿನಲ್ಲಿ ಇನ್ನೂ ಹೆಚ್ಚು. ಎಷ್ಟೋ ಜನರ ಗಂಟುಮೂಟೆ, ಕಂಬಳಿ ಆ ಸೀಟುಗಳ ಮೇಲೆ ಹೋಗಿಬಂದಿರುತ್ತದೆ. ಯಾರ ಮೂಟೆಯಿಂದ ಇಳಿದವೋ ಹೇಳಲಾಗದು. ನಾನು ಮದ್ದು ಹೊಡೆದ ಹೋಂಸ್ಟೇಗಳಲ್ಲಿ ಕಾರಿನಲ್ಲಿ ಬಂದ ಅತಿಥಿಗಳ ಜೊತೆ ಇಳಿದದ್ದೂ ಇದೇ ಜಾತಿಯ ಹುಳ.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಡ್ರೈವರ್ ಬಂದ. ಕಾಯಬಹುದಿತ್ತು, ನಾನು ಕಾಯಲಿಲ್ಲ. ಕಾರ್ಡ್ ಎತ್ತಿ ತೋರಿಸಿದೆ.

“ನನ್ನ ಜೀಪಿಗೆ ಹೆಸರಿಡ್ತೀಯಾ?”

ಕೈ ಎತ್ತಲಾಗದ್ದಕ್ಕೆ ಅವನು ಕಾಲಿನಿಂದ ಜೀಪಿನ ಬಾಗಿಲಿಗೆ ಒದ್ದ. ನನ್ನ ಒಂದು ಕಾಲು ಹೊರಗಿತ್ತು. ಬಾಗಿಲಿನ ಅಂಚು ಮೊಳಕಾಲ ಮೂಳೆಗೆ ಬಂದು ಹೊಡೆಯಿತು. ಕಣ್ಣು ಕತ್ತಲೆ ಬಂತು. ಅವನು ಇನ್ನೊಮ್ಮೆ ಕಾಲೆತ್ತಿದ. ಆಮೇಲೆ ಏನು ತೋಚಿತೋ, ಗೇಟಿನ ಕಡೆ ಹೊರಟುಹೋದ. ಜೀಪಿನ ಕೀಲಿ ನನ್ನ ಬಳಿಯೇ ಉಳಿಯಿತು.

ಅಂಗಡಿಯಣ್ಣನನ್ನು ಕಳಿಸಿ ನಾನೂ ಸಿಸ್ಟರೂ ಅದೇ ಜೀಪಿನಲ್ಲಿ ಗೋಣಿಕೊಪ್ಪಲಿಗೆ ಬಂದೆವು. ದಾರಿಯಲ್ಲಿ ವಿಷಯ ಕೇಳಿ ಅವರು ನಕ್ಕರು. ಆ ದಿನದ ಒಂದೇ ನಗು. ನಂತರ, ಮೊದಲು ಮಗುವಿನ ತಾಯಿಗೆ ಹೇಳೋಣ ಎಂದರು.

ಡ್ರೈವರನ ಹೆಂಡತಿ ಬಾಳೆಲೆ ಊರಿನ ಕಡೆಯ ಹುಡುಗಿ. ಎರಡು ಮಾತಿಗೇ ಬಾಗಿಲು ಪೂರ್ತಿ ತೆರೆದಳು. ಹೊರಗಿನ ಕೋಣೆಯಲ್ಲಿ, ಕಿಟಕಿಯ ಕೆಳಗೆ, ಹಳೆಯ ಜೀಪಿನ ಹಿಂದಿನ ಸೀಟನ್ನು ಇಟ್ಟಿಗೆಯ ಮೇಲಿಟ್ಟು ಸೋಫಾ ಮಾಡಿದ್ದರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಾಗೆ ಇರುತ್ತದೆ. ಜೀಪ್ ಹೋದರೂ ಸೀಟು ಮನೆಯಲ್ಲಿ ಉಳಿಯುತ್ತದೆ. ಹಗಲು ಮಗುವನ್ನು ಮಲಗಿಸುವುದು ಅದರ ಮೇಲೇ. ರೆಕ್ಸಿನ್ ಎತ್ತಿದಾಗ ನಾನೂ ಹಿಂದೆ ಸರಿದೆ. ನಾರಿನ ಪದರದ ಮೇಲೆ ಪೊರೆಗಳು ಪದರ ಪದರವಾಗಿ ಬಿದ್ದಿದ್ದವು, ಭತ್ತದ ಹೊಟ್ಟಿನ ಹಾಗೆ. ಸಿಸ್ಟರ್ ಮಂಚದಲ್ಲಿ ಇದ್ದದ್ದು ನಿನ್ನೆ ಮೊನ್ನೆಯ ಸಂಸಾರ, ಇದು ಹಳೆಯ ಮನೆತನ. ಅಲ್ಲಿಂದ ಸ್ವಿಚ್ ಬೋರ್ಡಿನ ಪೈಪಿನೊಳಗಿಂದ ಸಿಸ್ಟರ್ ಮನೆಗೆ ದಾರಿ ಇತ್ತು, ಚುಕ್ಕಿಗಳೇ ತೋರಿಸಿದವು.

ಅಷ್ಟರಲ್ಲಿ ಬಸ್ಸಿನಲ್ಲಿ ಬಂದಿಳಿದ ಡ್ರೈವರ್ ಬಾಗಿಲಲ್ಲಿ ನಿಂತಿದ್ದ. ತೆರೆದ ಸೀಟನ್ನು ನೋಡಿದ. ಕೆಳಗೆ ಹೋಗಿ, ಅದೇ ಕತ್ತಿಯನ್ನು ಪಟ್ಟಿ ಕಟ್ಟಿದ ಎರಡು ಕೈಗಳಲ್ಲಿ ಹಿಡಿದು ಬಂದ. ನಾನು ಗೋಡೆಗೆ ಅಂಟಿದೆ. ನನಗೇ ಎಂದುಕೊಂಡಿದ್ದೆ. ಅವನು ಸೀಟನ್ನು ಕಡಿಯತೊಡಗಿದ. ನಾರು, ಸ್ಪ್ರಿಂಗು, ರೆಕ್ಸಿನ್ ಹಾರಿದವು. ಬಿಳಿಯ ಪಟ್ಟಿ ಕೆಂಪಾಯಿತು. ಒಂದೊಂದು ಏಟಿಗೂ ತಿಗಣೆಗಳು ಚೆಲ್ಲಿ ಗೋಡೆ ಹತ್ತಿದವು, ಅವನ ಕಾಲು ಹತ್ತಿದವು, ಮಗುವಿನ ತೊಟ್ಟಿಲ ಬಟ್ಟೆಯ ಕಡೆ ಓಡಿದವು. ಅವನು ಅವನ್ನು ಗೋಡೆಗೆ ಒತ್ತಿ ಒರೆಸಿದ. ಸುಣ್ಣದ ಮೇಲೆ ಉದ್ದುದ್ದ ರಕ್ತದ ಗೆರೆ. ಅದರಲ್ಲಿ ಅವನ ಮಗುವಿನ ರಕ್ತವೂ ಇತ್ತು. ಅದು ಅವನಿಗೂ ಗೊತ್ತಿತ್ತು, ಅದಕ್ಕೇ ಕೈ ನಿಲ್ಲುತ್ತಿರಲಿಲ್ಲ.

ಹೆಂಡತಿ ಮಗುವನ್ನು ಸಿಸ್ಟರ್ ಕೈಗೆ ಕೊಟ್ಟು ಅವನ ಎದುರು ಹೋಗಿ ನಿಂತಳು.

“ಸಿಸ್ಟರ್ ಬಾಗಿಲು ಕಡಿದ ಕತ್ತಿ ಅದು. ಅವರೆದ್ರೇ ಕೆಳಗಿಡಿ.”

ಅವನು ಇಟ್ಟ. ಇಟ್ಟು, ಕಡಿದ ಸೀಟಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ. ಆ ದಿನ ಮಗು ಸಿಸ್ಟರ್ ಮಡಿಲಲ್ಲಿ, ಸುಟ್ಟ ಕೋಣೆಯ ಹೊರಗಿನ ಬರಿಯ ನೆಲದ ಮೇಲೆ ನಿದ್ದೆ ಮಾಡಿತು.

ಮಾರನೆಯ ದಿನ ಪೊಲೀಸರು ಬಂದರು. ಬರ್ನರ್ ನನ್ನದು, ಹಚ್ಚಿದ್ದು ನಾನು, ಯಾರ ಮೇಲೂ ದೂರಿಲ್ಲ ಎಂದು ಅಂಗಡಿಯಣ್ಣ ಮೈಸೂರಿನಿಂದಲೇ ಹೇಳಿಸಿದ್ದರು. ಸಿಸ್ಟರ್ ಮಾತ್ರ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಬಾಗಿಲು ಕಡಿದ ದೂರು ಬರೆದು ಬ್ಯಾಗಿನಲ್ಲಿಟ್ಟುಕೊಂಡು ಡ್ರೈವರನಿಗೆ ಒಂದೇ ಷರತ್ತು ಹಾಕಿದರು. ತಿಗಣೆ ಎಲ್ಲಿಂದ ಬಂತೆಂದು ಓನರಿಗೆ ಅವನೇ, ಅವನ ಬಾಯಿಂದಲೇ ಹೇಳಬೇಕು. ಅವನು ತಲೆ ತಗ್ಗಿಸಿ ನಿಂತ, ಆಗಲಿ ಎನ್ನಲಿಲ್ಲ. ಬೆಂಕಿಯ ಸುದ್ದಿ ಕೇಳಿದ್ದ ಓನರ್ ಯುಗಾದಿಯವರೆಗೂ ಕಾಯುವುದು ಬೇಡ, ಈ ವಾರವೇ ಸಿಸ್ಟರನ್ನು ಖಾಲಿ ಮಾಡಿಸಿ ಎಂದು ನನಗೆ ಫೋನ್ ಮಾಡಿದರು. ಎಲ್ಲರಿಗೂ ಆಗ ಕಾಣುತ್ತಿದ್ದದ್ದು ಸಿಸ್ಟರ್ ಮನೆಯ ಕಪ್ಪಾದ ಕಿಟಕಿ ಮಾತ್ರ.

ನನಗೆ ಆ ರಾತ್ರಿಗಳಲ್ಲಿ ನಿದ್ದೆ ಇರಲಿಲ್ಲ. ಹಗಲು ಕುಳಿತು ಯೋಚಿಸಿದೆ. ಮದ್ದನ್ನು ಈ ತಿಗಣೆಗಳು ಅರಗಿಸಿಕೊಂಡಿದ್ದವು. ಒಂದು ಮನೆಗೆ ಹೊಡೆದರೆ ಇನ್ನೊಂದಕ್ಕೆ ನಡೆಯುತ್ತಿದ್ದವು. ಅಂಗಡಿಯಣ್ಣನ ಯೋಚನೆಯಲ್ಲಿ ಅರ್ಧ ಸರಿಯಿತ್ತು. ತಿಗಣೆಗೂ ಅದರ ಮೊಟ್ಟೆಗೂ ತಾಳಲಾಗದ್ದು ಶಾಖ. ಆದರೆ ಅದಕ್ಕೆ ಉರಿ ಬೇಕಿಲ್ಲ. ಐವತ್ತೈದು ಡಿಗ್ರಿ ಬಿಸಿ, ಹಾಸಿಗೆಯ ಹೊಟ್ಟೆಯವರೆಗೂ, ಗಂಟೆಗಟ್ಟಲೆ ನಿಲ್ಲಬೇಕು. ಅಂಥ ದೊಡ್ಡ ಬಿಸಿ ಕೋಣೆ ಎಲ್ಲಿದೆ ಎಂದು ಕೇಳಿಕೊಂಡಾಗ ಶ್ರೀಮಂಗಲ ಕಡೆಯ ನನ್ನ ಸೋದರಮಾವನ ಏಲಕ್ಕಿ ಸ್ಟೋರ್ ನೆನಪಾಯಿತು. ಹಸಿ ಏಲಕ್ಕಿ ಒಣಗಿಸುವ ಗಟ್ಟಿ ಗೋಡೆಯ ಮುಚ್ಚಿದ ಕೋಣೆ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ ನೆಲದ ಮೇಲಿನ ಕಬ್ಬಿಣದ ಕೊಳವೆಗಳಲ್ಲಿ ಬಿಸಿ ಹರಿಯುತ್ತದೆ, ಹೊಗೆ ಹೊರಗೇ ಹೋಗುತ್ತದೆ. ಒಳಗೆ ಉರಿ ಎಂಬುದೇ ಇಲ್ಲ. ಆಗ ಮಾರ್ಚ್, ಏಲಕ್ಕಿ ಕುಯಿಲು ಮುಗಿದು ಸ್ಟೋರ್ ಖಾಲಿ ಇತ್ತು.

“ಅಲ್ಲ ಕೂಸೇ, ಏಲಕ್ಕಿ ಒಣಗ್ಸೋ ಜಾಗ್ದಲ್ಲಿ ತಿಗಣೆ ಒಣಗ್ಸ್ತೀಯಾ? ಬರೋ ವರ್ಷ ಪಾಯಸಕ್ಕೆ ಹಾಕಿದವ್ರು ನನ್ನ ಬಿಟ್ಟಾರಾ?” ಎಂದು ಮಾವ ಒಂದು ದಿನವೆಲ್ಲ ಗೊಣಗಿದರು. ಮಗುವಿನ ಕಣ್ಣಿನ ಫೋಟೊ ಕಳಿಸಿದೆ. ಅದರ ಮೇಲೆ ಫೋನ್ ಮಾಡಿ, ಸೌದೆ ನೀನೇ ತರಬೇಕು ಎಂದರು.

ಓನರಿಗೆ ನಾನು ಹೇಳಿದ್ದು ಇಷ್ಟು: ಮೂರು ಮನೆ, ಒಂದು ಜೀಪು, ನಾಲ್ಕನ್ನೂ ಒಂದೇ ದಿನ ಬಿಚ್ಚುತ್ತೇನೆ. ಅಲ್ಲಿಯವರೆಗೆ ಯಾರೂ ಮನೆ ಬಿಡಬಾರದು. ಬಿಟ್ಟರೆ ತಿಗಣೆ ಅವರ ಜೊತೆ ಹೋಗುತ್ತದೆ, ಇಲ್ಲಿನದ್ದು ಇಲ್ಲಿಯೇ ಹಸಿದು ಕಾಯುತ್ತದೆ. ಒಪ್ಪದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ. ಅವರು ಗೊಣಗುತ್ತಲೇ ಒಪ್ಪಿದರು.

ಹಾಸಿಗೆ, ಬಟ್ಟೆ, ತಲೆದಿಂಬು, ತೊಟ್ಟಿಲು, ಸಿಸ್ಟರ್ ಮಂಚದ ಉಳಿದ ಮರ, ಕಡಿದ ಸೀಟಿನ ಚೂರುಗಳು, ಜೀಪಿನ ಸೀಟುಗಳು, ಎಲ್ಲವನ್ನೂ ಮನೆಯೊಳಗೇ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಬಾಯಿ ಕಟ್ಟಿ, ಪಿಕಪ್ಪಿಗೆ ಹಾಕಿದೆವು. ಸ್ಟೋರಿನಲ್ಲಿ ಜಾಲರಿಗಳ ಮೇಲೆ ಬಿಡಿಬಿಡಿಯಾಗಿ ಹರಡಿ, ಅತಿ ದಪ್ಪದ ಹಾಸಿಗೆಯ ನಡುವಿಗೆ ಉದ್ದ ಮೂತಿಯ ಥರ್ಮಾಮೀಟರ್ ಚುಚ್ಚಿದೆ. ಬಾಗಿಲ ಸಂದಿಗೆ ಒದ್ದೆ ಗೋಣಿ ತುರುಕಿದೆ. ಒಲೆಯ ಮುಂದೆ ಕೂರಲು ಡ್ರೈವರನೇ ಬಂದ. ಯಾರೂ ಕರೆದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೋಣೆಯ ಗಾಳಿ ಅರವತ್ತು ತೋರಿಸುತ್ತಿದ್ದರೂ ಹಾಸಿಗೆಯ ಹೊಟ್ಟೆ ನಲವತ್ತೆರಡಕ್ಕೇ ನಿಂತಿತ್ತು. ಆ ಬಿಸಿಗೆ ತಿಗಣೆ ಸಾಯುವುದಿಲ್ಲ, ಎದ್ದು ಓಡಾಡುತ್ತದೆ ಅಷ್ಟೆ. ಕಿಂಡಿಯ ಗಾಜಿನಲ್ಲಿ ನೋಡಿದರೆ ಅವು ಗುಂಪುಗುಂಪಾಗಿ ಹೊರಬಂದು ಜಾಲರಿಯ ಮೇಲೆ ಹುಚ್ಚು ಹಿಡಿದಂತೆ ಸುತ್ತುತ್ತಿದ್ದವು. ಡ್ರೈವರ್ ಸೌದೆ ತುರುಕತೊಡಗಿದ. ಕೊಳವೆ ಕೆಂಪಗೆ ಕಾದರೆ ಹಾಸಿಗೆಗೆ ಬೆಂಕಿ ಹಿಡಿಯುತ್ತದೆ ಎಂದು ನಾನು ಕೂಗಿದೆ. ಅವನು ಸೌದೆ ಕೈಬಿಟ್ಟು, ಒಲೆಯ ಬಾಯಿಂದ ಮುಖ ತಿರುಗಿಸಿ ಕೂತ. ಆಗ ಗಮನಿಸಿದೆ, ಪ್ರತಿ ಸಲ ಕಬ್ಬಿಣದ ಮುಚ್ಚಳ ತೆಗೆಯುವಾಗಲೂ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ನಾನೂ.

ಹಾಸಿಗೆಗಳನ್ನು ನಡುವಿನ ಹೊಲಿಗೆ ಬಿಚ್ಚಿ ಹತ್ತಿಯನ್ನು ತೆಳುವಾಗಿ ಹರಡುವುದೇ ದಾರಿ ಎಂದು ನಿರ್ಧರಿಸಿದೆ. ಆ ಬಿಸಿಯೊಳಗೆ ಒದ್ದೆ ಬಟ್ಟೆ ಸುತ್ತಿಕೊಂಡು ನಾನೂ ಅವನೂ ಸರದಿಯಲ್ಲಿ ಹೋಗಿ ಸೀಳಿದೆವು. ಕತ್ತರಿ ಸಾಲದೆ ಅವನ ಕತ್ತಿಯನ್ನೇ ತರಿಸಿದೆ. ಅದನ್ನು ಅವನ ಕೈಯಿಂದ ತೆಗೆದುಕೊಳ್ಳುವಾಗ ನನ್ನ ಬೆರಳು ಮಡಚಲು ಒಪ್ಪಲಿಲ್ಲ. ಅವನು ಹಿಡಿಯನ್ನು ನನ್ನ ಕಡೆ ತಿರುಗಿಸಿ, ನಾನು ಹಿಡಿಯುವವರೆಗೆ ಕಾದ.

ಸಂಜೆಯ ಹೊತ್ತಿಗೆ ಹತ್ತಿಯ ಹೊಟ್ಟೆಯ ಬಿಸಿ ಐವತ್ತೈದು ದಾಟಿ ನಿಂತಿತು. ಕಿಂಡಿಯಲ್ಲಿ ಓಡಾಟ ನಿಧಾನವಾಯಿತು, ಆಮೇಲೆ ನಿಂತೇಹೋಯಿತು. ಕಾಲು ಮಡಚಿ, ಹೊಟ್ಟೆ ಮೇಲಾಗಿ, ಜಾಲರಿಯಿಂದ ಉದುರಿ ಕೊಳವೆಗಳ ಮೇಲೆ ಬಿದ್ದು ಚಿಟಚಿಟ ಎಂದವು. ನನಗೆ ಕರುಣೆ ಬರಲಿಲ್ಲ. ಅಷ್ಟೂ ಹೊತ್ತು ನಿಂತು ನೋಡಿದೆ.

ಆಗಲೇ ಸ್ಟೋರಿನ ಹಿಂದಿನಿಂದ ಡ್ರೈವರನ ಮಾತು ಕೇಳಿಸಿದ್ದು. ಫೋನನ್ನು ಪಟ್ಟಿ ಕಟ್ಟಿದ ಕೈಗಳ ನಡುವೆ ಹಿಡಿದಿದ್ದ.

“ಸರ್, ತಿಗಣೆ ನನ್ನ ಜೀಪಿಂದ್ಲೇ ಬಂದದ್ದು. ಸಿಸ್ಟರ್ ಮಂಚದಿಂದ ಅಲ್ಲ. ಬೆಂಕಿಗೂ ನಾನೇ ಕಾರಣ. ಖಾಲಿ ಮಾಡೋದಾದ್ರೆ ನಾವು ಮಾಡ್ತೇವೆ, ಅವರಲ್ಲ.”

ಆಚೆಯಿಂದ ಏನು ಬಂತೋ, ಅವನು ಬಹಳ ಹೊತ್ತು ಹ್ಞೂಂ ಎನ್ನುತ್ತಲೇ ಇದ್ದ. ಕೊನೆಗೆ ಓನರ್ ಯಾರನ್ನೂ ಖಾಲಿ ಮಾಡಿಸಲಿಲ್ಲ. ಸಿಸ್ಟರಿಗೆ ಹೊಸ ಬಾಗಿಲು ಹಾಕಿಸಿದ್ದು ಡ್ರೈವರ್.

ಅತ್ತ ಮನೆಗಳಲ್ಲಿ ನಾನು ಸಂದಿಗಳಿಗೆಲ್ಲ ಹಬೆ ಹಿಡಿದೆ, ಸ್ವಿಚ್ ಬೋರ್ಡುಗಳೊಳಗೆ ತಿಗಣೆಯ ಮೈ ಒಣಗಿಸುವ ಪುಡಿ ಊದಿದೆ, ಪೈಪುಗಳ ಬಾಯಿ ಮುಚ್ಚಿದೆ, ಗೋಡೆಯ ಬಿರುಕಿಗೆ ಬಿಳಿ ಸಿಮೆಂಟ್ ತುಂಬಿದೆ. ಎರಡು ವಾರ ಬಿಟ್ಟು ಇನ್ನೊಂದು ಸುತ್ತು. ಅದರ ಮೇಲೆ ಮತ್ತೊಂದು. ಹತ್ತಲು ಬಂದ ತಿಗಣೆ ಜಾರಿ ಬೀಳಲೆಂದು ಮಂಚದ ಕಾಲುಗಳ ಕೆಳಗಿಟ್ಟ ಬಟ್ಟಲುಗಳಲ್ಲಿ ಏನೂ ಬೀಳಲಿಲ್ಲ.

ಆದರೆ ನಮ್ಮ ಕೆಲಸದಲ್ಲಿ ಬಟ್ಟಲನ್ನು ನಂಬಿ ಮುಗಿಯಿತೆನ್ನುವುದಿಲ್ಲ. ತಿಗಣೆ ಹೊರಬರುವುದು ಮೈಯ ಬಿಸಿಗೆ, ಉಸಿರಿಗೆ. ಸುಟ್ಟ ಕೋಣೆಯಲ್ಲಿ ಬೆಂಕಿಯ ನಂತರ ಯಾರೂ ಮಲಗಿರಲಿಲ್ಲ. ಸಿಸ್ಟರ್ ಹೊರಗಿನ ಕೋಣೆಯಲ್ಲೇ ಮಲಗುತ್ತಿದ್ದರು. ಅಲ್ಲಿ ಯಾರಾದರೂ ಒಬ್ಬರು ಮಲಗಿ ನೋಡಲೇಬೇಕಿತ್ತು. ನಾನೇ ಮಲಗುತ್ತೇನೆ ಎಂದೆ. ಡ್ರೈವರ್ ಹೊಸ ಕಾಲು ಜೋಡಿಸಿ ನಿಲ್ಲಿಸಿದ್ದ ಮಂಚ. ಒಂದು ಬದಿ ಇನ್ನೂ ಕಪ್ಪು. ಸಿಸ್ಟರ್ ಬಿಳಿಯ ಹಾಸು ಹಾಸಿದರು, ರಕ್ತದ ಚುಕ್ಕಿ ಬಿದ್ದರೆ ಕಾಣಲಿ ಎಂದು. ಕಿಟಕಿ ತೆರೆದೇ ಇಟ್ಟುಕೊಂಡೆ. ಟಿಕ್ ಎಂಬ ಸದ್ದಿಗೆ ಕಾಯುತ್ತಿದ್ದದ್ದು ನೆನಪಿದೆ. ಆಮೇಲಿನದ್ದು ನೆನಪಿಲ್ಲ.

ಎಚ್ಚರವಾದಾಗ ಬಿಸಿಲು ಮೊಳಕಾಲಿನವರೆಗೆ ಬಂದಿತ್ತು. ಭಾನುವಾರ. ಕೆಳಗೆ ಭರ್ರ್ ಎಂದು ಬರ್ನರ್ ಉರಿಯುತ್ತಿತ್ತು. ಹಿಂದಿನ ವಾರವಷ್ಟೇ ಮೈಸೂರಿನಿಂದ ಬಂದಿದ್ದ ಅಂಗಡಿಯಣ್ಣ ಅಂಗಡಿ ತೆರೆದಿದ್ದರು. ಅವರ ಬೆರಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿದೆ. ಬರ್ನರ್ ಹಿಡಿದವನು ಡ್ರೈವರ್. ಅಂಗಡಿಯಣ್ಣ ಒಂದು ಮಾರು ದೂರದಲ್ಲಿ ಸ್ಟೂಲಿನ ಮೇಲೆ ಕೂತು, “ಕೈ ಓಡಿಸು, ನಿಲ್ಲಿಸ್ಬೇಡ. ನಿಲ್ಲಿಸಿದ್ರೆ ಚರ್ಮ ಸೀಯ್ತದೆ, ಗೊತ್ತುಂಟಲ್ಲ ನಿಂಗೆ” ಎನ್ನುತ್ತಿದ್ದರು.

ಹಾಸನ್ನು ಬಿಸಿಲಿಗೆ ಹಿಡಿದು, ಮಡಿಕೆ ಬಿಡಿಸಿ, ಅಂಚಿನಿಂದ ಅಂಚಿಗೆ ನೋಡಿದೆ. ಬಿಳಿ. ಸಿಸ್ಟರ್ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಗು ಎದುರು ಮನೆಯಲ್ಲಿ ಇನ್ನೂ ಎದ್ದಿರಲಿಲ್ಲ.